ಎಡಿಎಚ್‌ಡಿ ಮಾತ್ರೆಗಳಲ್ಲಿ ಯಾವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿಯಾದ ಓಡಾಟ, ದುಡುಕು ಕಾಣುವ ಸ್ಥಿತಿ) ಇದೆ ಎಂದು ಈಗಷ್ಟೇ ಗೊತ್ತಾದ ಅಪ್ಪ ಅಮ್ಮಂದಿರು ಕೇಳಿದ ಪ್ರಶ್ನೆಗಳು ಇಲ್ಲಿವೆ. ದೊಡ್ಡವರಾದ ಮೇಲೆ ತಮಗೇ ಇದೆ ಎಂದು ತಿಳಿದವರು ಕೇಳಿದ್ದೂ ಇದೆ, ಹೊರದೇಶದಲ್ಲಿರುವ ಕನ್ನಡಿಗರು ಬರೆದು ಕೇಳಿದ್ದೂ ಇದೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಯಾವ ಮಾತ್ರೆ, ಎಷ್ಟು ಡೋಸ್ ಎಂಬುದನ್ನು ನಿಮ್ಮ ಮನೋವೈದ್ಯರೇ ತೀರ್ಮಾನಿಸಬೇಕು. ಅವರ ಎದುರು ಕೂತಾಗ ಏನು ಕೇಳಬೇಕು, ಅವರು ಹೇಳಿದ್ದು ಯಾಕೆ ಎಂಬುದು ನಿಮಗೆ ಗೊತ್ತಿರಲಿ ಅಂತ ಇದನ್ನು ಬರೆದಿದ್ದೇನೆ.

## ಮೊದಲ ಪ್ರಶ್ನೆಗಳು

ಮೊದಲೇ ಒಂದು ಕಡೆ ಕೂರಲ್ಲ. ಅಂಥವನಿಗೆ ಚುರುಕು ಮಾಡೋ ಮಾತ್ರೆ ಯಾಕೆ ಕೊಡ್ತಾರೆ?

ಸ್ಟಿಮ್ಯುಲೆಂಟ್ ಎಂಬ ಹೆಸರು ಕೇಳಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಈ ಔಷಧಿ ಚುರುಕು ಮಾಡುವುದು ಕೈಕಾಲನ್ನಲ್ಲ, ಹಣೆಯ ಹಿಂದಿರುವ ಮೆದುಳಿನ ಭಾಗವನ್ನು. ಒಂದೇ ಕೆಲಸದ ಮೇಲೆ ಗಮನ ನಿಲ್ಲಿಸುವುದು, ತನ್ನ ಸರದಿಗೆ ಕಾಯುವುದು, ಬಾಯಿಗೆ ಬಂದ ಮಾತನ್ನು ತಡೆಯುವುದು ಎಲ್ಲ ಆ ಭಾಗದ ಕೆಲಸ. ಅಲ್ಲಿ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಸಾಕಷ್ಟು ಸಿಕ್ಕಿದಾಗ ತಡೆಯುವ ಶಕ್ತಿ ಹೆಚ್ಚುತ್ತದೆ. ಓಡಾಟ ತಾನಾಗಿ ತಗ್ಗುತ್ತದೆ.

ಇದು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ತಮ್ಮ ಆಸ್ಪತ್ರೆಯ ಮಕ್ಕಳಿಗೆ ಬೆಂಜಡ್ರಿನ್ ಎಂಬ ಆಂಫೆಟಮಿನ್ ಕೊಟ್ಟಿದ್ದರು. ಹಲವು ಮಕ್ಕಳು ಶಾಂತವಾಗಿ ಕೂತು ಪಾಠದಲ್ಲಿ ಮನಸ್ಸಿಟ್ಟರು ಎಂದು ಅವರು ಆಗಲೇ ಬರೆದಿಟ್ಟಿದ್ದಾರೆ.

ಇಷ್ಟೊಂದು ಹೆಸರು ಇವೆಯಲ್ಲ, ಎಲ್ಲಾ ಬೇರೆ ಬೇರೆ ಔಷಧಿನಾ?

ಅಲ್ಲ. ಇದೊಂದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ. ಎಡಿಎಚ್‌ಡಿಗೆ ಕೊಡುವ ಸ್ಟಿಮ್ಯುಲೆಂಟ್‌ಗಳಲ್ಲಿ ಇರುವುದು ಎರಡೇ ಮನೆತನ. ಒಂದು ಮಿಥೈಲ್‌ಫೆನಿಡೇಟ್, ಇನ್ನೊಂದು ಆಂಫೆಟಮಿನ್.

ರಿಟಾಲಿನ್, ಕಾನ್ಸರ್ಟಾ, ನಮ್ಮಲ್ಲಿ ಸಿಗುವ ಇನ್‌ಸ್ಪೈರಲ್ ಮತ್ತು ಆಡ್‌ವೈಜ್ ಎಲ್ಲ ಮಿಥೈಲ್‌ಫೆನಿಡೇಟ್‌ಗಳೇ. ಅಮೆರಿಕದ ಫೋಕಲಿನ್ ಕೂಡ ಅದರ ಹತ್ತಿರದ ರೂಪ. ಆಡೆರಾಲ್, ಡೆಕ್ಸೆಡ್ರಿನ್, ವೈವಾನ್ಸ್ ಆಂಫೆಟಮಿನ್ ಕಡೆಯವು. ವೈವಾನ್ಸ್‌ಗೆ ಇಂಗ್ಲೆಂಡಿನಲ್ಲಿ ಎಲ್ವಾನ್ಸ್ ಎನ್ನುತ್ತಾರೆ. ಒಂದೇ ಮನೆತನದ ಒಳಗಿನ ವ್ಯತ್ಯಾಸವೆಲ್ಲ ಬಹುತೇಕ ಗಂಟೆಗಳ ಲೆಕ್ಕ: ಎಷ್ಟು ಬೇಗ ಶುರುವಾಗುತ್ತದೆ, ಎಷ್ಟು ಹೊತ್ತು ಇರುತ್ತದೆ, ಹೇಗೆ ಇಳಿಯುತ್ತದೆ.

ಅಮೆರಿಕದಲ್ಲಿರೋ ನಮ್ಮ ಅಕ್ಕನ ಮಗ ಆಡೆರಾಲ್ ತಗೋತಾನೆ. ಇಲ್ಲಿ ಡಾಕ್ಟರ್ ಅದನ್ನ ಬರೆಯೋದೇ ಇಲ್ಲ. ಯಾಕೆ?

ಭಾರತದ ಔಷಧಿ ಅಂಗಡಿಗಳಲ್ಲಿ ಆಡೆರಾಲ್ ಆಗಲಿ ವೈವಾನ್ಸ್ ಆಗಲಿ ಸಿಗುವುದಿಲ್ಲ. ಇಲ್ಲಿ ಎಡಿಎಚ್‌ಡಿಗೆ ಸಿಗುವ ಸ್ಟಿಮ್ಯುಲೆಂಟ್ ಎಂದರೆ ಮಿಥೈಲ್‌ಫೆನಿಡೇಟ್. ಹಾಗಾಗಿ ಅಮೆರಿಕದ ಹೋಲಿಕೆ ಪಟ್ಟಿ ಓದಿ ನಮ್ಮ ಮಗುವಿಗೆ ಎರಡನೇ ದರ್ಜೆಯದ್ದು ಸಿಕ್ಕಿತು ಎಂದು ಕೊರಗಬೇಡಿ. ಮಕ್ಕಳ ವಿಷಯದಲ್ಲಿ ಮಿಥೈಲ್‌ಫೆನಿಡೇಟ್ ಎರಡನೇ ದರ್ಜೆಯದ್ದಲ್ಲವೇ ಅಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ವೈದ್ಯರಿಗೆ ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯಲ್ಲಿ 5 ವರ್ಷ ದಾಟಿದ ಮಕ್ಕಳಿಗೆ ಔಷಧಿ ಬೇಕಾದಾಗ ಮೊದಲು ಹೇಳಿರುವುದೇ ಇದನ್ನು. ಬೇರೆಲ್ಲ ಆಯ್ಕೆ ಕೈಯಲ್ಲಿದ್ದೂ ಅಲ್ಲಿನ ವೈದ್ಯರು ಇದರಿಂದಲೇ ಶುರು ಮಾಡುತ್ತಾರೆ.

ಮಾತ್ರೆ ತಗೊಂಡ್ರೆ ಎಡಿಎಚ್‌ಡಿ ವಾಸಿ ಆಗುತ್ತಾ?

ಇಲ್ಲ. ಮಾತ್ರೆ ಮೈಯಲ್ಲಿ ಇರುವಷ್ಟು ಹೊತ್ತು ಕೆಲಸ ಮಾಡುತ್ತದೆ, ಆಮೇಲೆ ಇಳಿಯುತ್ತದೆ. ಆ ಗಂಟೆಗಳಲ್ಲಿ ಮಗು ಪಾಠ ಕೇಳುತ್ತದೆ, ಬರೆದು ಮುಗಿಸುತ್ತದೆ, ಗೆಳೆಯರ ಜೊತೆ ಜಗಳ ಕಡಿಮೆಯಾಗುತ್ತದೆ. ಅಷ್ಟೇ ದೊಡ್ಡ ವಿಷಯ. ದಿನಚರಿ ಕಟ್ಟಿಕೊಳ್ಳುವುದು, ಮನೆಯವರು ಬೈಯುವ ರೀತಿ ಬದಲಾಗುವುದು, ಶಾಲೆಯ ಸಹಕಾರ ಇವೆಲ್ಲ ಜೊತೆಗೆ ಬೇಕು. ಮಾತ್ರೆ ಆ ಕೆಲಸ ಮಾಡಿಕೊಡುವುದಿಲ್ಲ. ಆದರೆ ಅದನ್ನು ಕಲಿಯುವಷ್ಟು ನೆಮ್ಮದಿ ಕೊಡುತ್ತದೆ.

ಮಗಳಿಗೆ ಇನ್ನೂ ನಾಲ್ಕೂವರೆ ವರ್ಷ. ಈಗಲೇ ಶುರು ಮಾಡಬಹುದಾ?

ಈ ವಯಸ್ಸಿನಲ್ಲಿ ಮೊದಲು ತಂದೆತಾಯಿಗೆ ತರಬೇತಿ. ಮಗುವಿನ ನಡವಳಿಕೆಯನ್ನು ಹೇಗೆ ನಿಭಾಯಿಸಬೇಕು ಎಂದು ಕಲಿಸುವ ಈ ತರಬೇತಿ ಸಣ್ಣ ಮಕ್ಕಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದಾದ ಮೇಲೂ ತೊಂದರೆ ತೀವ್ರವಾಗಿದ್ದರೆ ಮಾತ್ರ ತಜ್ಞರು ತುಂಬಾ ಸಣ್ಣ ಡೋಸ್‌ನ ಮಿಥೈಲ್‌ಫೆನಿಡೇಟ್ ಯೋಚಿಸುತ್ತಾರೆ. ಪುಟ್ಟ ಮಕ್ಕಳಲ್ಲಿ ಸಿಡುಕು, ಅಳು, ಹಸಿವಿಲ್ಲದಿರುವುದು ಜಾಸ್ತಿ ಕಾಣುತ್ತದೆ. ಅವಸರ ಬೇಡ.

## ಒಂದರ ಪಕ್ಕ ಒಂದಿಟ್ಟು ನೋಡಿದಾಗ

ಎರಡರಲ್ಲಿ ಯಾವುದು ಜಾಸ್ತಿ ಪವರ್‌ಫುಲ್?

2018ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ದೊಡ್ಡ ಅಧ್ಯಯನ ಬಂತು. ಲಕ್ಷಣಗಳನ್ನು ತಗ್ಗಿಸುವುದರಲ್ಲಿ ಆಂಫೆಟಮಿನ್‌ಗಳು ಸ್ವಲ್ಪ ಮುಂದೆ. ಆದರೆ ಪರಿಣಾಮ ಮತ್ತು ಸಹಿಸಿಕೊಳ್ಳುವಿಕೆ ಎರಡನ್ನೂ ತೂಗಿದಾಗ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಮಿಥೈಲ್‌ಫೆನಿಡೇಟ್ ಮೊದಲ ಆಯ್ಕೆ, ದೊಡ್ಡವರಿಗೆ ಆಂಫೆಟಮಿನ್ ಎಂದು ಅದರ ತೀರ್ಮಾನ. ಆ ಪ್ರಯೋಗಗಳು ಹೆಚ್ಚಿನವು ಕೆಲವು ವಾರಗಳವು ಎಂಬುದನ್ನೂ ನೆನಪಿಡಬೇಕು.

ಇದು ಸರಾಸರಿಯ ಮಾತು. ನಿಮ್ಮ ಮನೆಯಲ್ಲಿರುವುದು ಸರಾಸರಿ ಅಲ್ಲ, ಒಬ್ಬ ಮನುಷ್ಯ. ಕೆಲವರಿಗೆ ಎರಡೂ ಹಿಡಿಸುತ್ತವೆ, ಕೆಲವರಿಗೆ ಒಂದೇ ಹಿಡಿಸುತ್ತದೆ. ಯಾರಿಗೆ ಯಾವುದು ಎಂದು ಮೊದಲೇ ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಕೊಟ್ಟು, ಗಮನಿಸಿ, ತಿದ್ದಿಕೊಳ್ಳುವುದೇ ದಾರಿ.

ಎರಡೂ ಮೆದುಳಿನಲ್ಲಿ ಮಾಡೋದು ಒಂದೇ ಕೆಲಸ ತಾನೇ?

ತಲುಪುವ ಜಾಗ ಒಂದೇ, ದಾರಿ ಬೇರೆ. ನರಕೋಶ ಡೋಪಮಿನ್ ಬಿಟ್ಟ ಮೇಲೆ ಅದನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಮಿಥೈಲ್‌ಫೆನಿಡೇಟ್ ಆ ಒಳಗೆಳೆಯುವ ಬಾಗಿಲನ್ನು ಮುಚ್ಚುತ್ತದೆ. ಬಿಟ್ಟ ಡೋಪಮಿನ್ ಹೊರಗೇ ಇನ್ನಷ್ಟು ಹೊತ್ತು ಉಳಿಯುತ್ತದೆ. ಆಂಫೆಟಮಿನ್ ಅದೇ ಬಾಗಿಲಿನಿಂದ ಒಳಗೆ ಹೋಗಿ, ಕೂಡಿಟ್ಟ ಡೋಪಮಿನ್ನನ್ನೂ ಹೊರಗೆ ಬಿಡಿಸುತ್ತದೆ. ನಾರ್‌ಅಡ್ರಿನಲಿನ್ ವಿಷಯದಲ್ಲೂ ಹೆಚ್ಚುಕಡಿಮೆ ಹೀಗೇ. ಒಂದು ಹಿಡಿಸದವರಿಗೆ ಇನ್ನೊಂದು ಹಿಡಿಸಬಹುದು ಎನ್ನುವುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ.

ಬೇಗ ಕರಗೋ ಮಾತ್ರೆ ಒಳ್ಳೇದಾ, ಇಡೀ ದಿನದ ಮಾತ್ರೆ ಒಳ್ಳೇದಾ?

ಭಾರತದಲ್ಲಿ ನಿಜವಾಗಿ ಆಯ್ಕೆ ಮಾಡಬೇಕಾದದ್ದು ಇಲ್ಲೇ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಾಮಾನ್ಯ ಮಿಥೈಲ್‌ಫೆನಿಡೇಟ್ ಮಾತ್ರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಶುರುವಾಗಿ 3ರಿಂದ 4 ಗಂಟೆ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಕೊಟ್ಟರೆ ಹನ್ನೆರಡರ ಹೊತ್ತಿಗೆ ಇಳಿದಿರುತ್ತದೆ. ಮಧ್ಯಾಹ್ನದ ಡೋಸ್ ಶಾಲೆಯಲ್ಲಿ ಕೊಡಬೇಕು. ಯಾರು ಕೊಡುತ್ತಾರೆ? ಉಳಿದ ಮಕ್ಕಳು ನೋಡಿ ಏನೆನ್ನುತ್ತಾರೆ? ಹಲವು ಮನೆಗಳಲ್ಲಿ ಚಿಕಿತ್ಸೆ ತಪ್ಪುವುದೇ ಈ ಮಧ್ಯಾಹ್ನದ ಮಾತ್ರೆಯಲ್ಲಿ. ಆದರೆ ಇದರದ್ದೇ ಆದ ಅನುಕೂಲಗಳಿವೆ. ಡೋಸ್ ಅನ್ನು ಸ್ವಲ್ಪ ಸ್ವಲ್ಪ ಬದಲಿಸಬಹುದು. ಹಿಡಿಸದಿದ್ದರೆ ಕೆಲವೇ ಗಂಟೆಯಲ್ಲಿ ಮೈಯಿಂದ ಹೋಗುತ್ತದೆ. ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಮೊದಲ ಬಾರಿ ಶುರು ಮಾಡುವವರಿಗೆ ಅನೇಕ ವೈದ್ಯರು ಇದನ್ನೇ ಬರೆಯುವುದು ಅದಕ್ಕೇ.

ನಿಧಾನವಾಗಿ ಬಿಡುವ ಮಾತ್ರೆಗಳು ಒಂದೇ ಬಗೆಯವಲ್ಲ. ಕಾನ್ಸರ್ಟಾದಲ್ಲಿ 22 ಶೇಕಡಾ ಔಷಧಿ ಮೇಲಿನ ಲೇಪದಲ್ಲಿದ್ದು ತಕ್ಷಣ ಸಿಗುತ್ತದೆ. ಉಳಿದ 78 ಶೇಕಡಾ ಒಳಗಿನಿಂದ ಸಣ್ಣ ತೂತಿನ ಮೂಲಕ ನಿಧಾನವಾಗಿ ಬರುತ್ತದೆ. ಒಟ್ಟು 10ರಿಂದ 12 ಗಂಟೆ ಇರುತ್ತದೆ. ಅಮೆರಿಕದ ರಿಟಾಲಿನ್ ಎಲ್‌ಎ ಕ್ಯಾಪ್ಸೂಲಿನಲ್ಲಿ ಅರ್ಧ ಈಗ, ಅರ್ಧ ಸುಮಾರು 4 ಗಂಟೆಯ ಮೇಲೆ. ಒಟ್ಟು 8 ಗಂಟೆ. ಹಾಗಾಗಿ ವೈದ್ಯರಿಗೆ ಮಗುವಿನ ದಿನ ಹೇಗಿದೆ ಎಂದು ಹೇಳಿ. ಶಾಲೆ ಎಷ್ಟಕ್ಕೆ, ಟ್ಯೂಷನ್ ಇದೆಯಾ, ರಾತ್ರಿ ಮಲಗುವುದು ಯಾವಾಗ. ಹನ್ನೆರಡು ಗಂಟೆಯ ಮಾತ್ರೆ ಎಲ್ಲರಿಗೂ ಬೇಕಿಲ್ಲ. ಸಂಜೆ ಹಸಿವಾಗಿ ಊಟ ಮಾಡಿ ಒಂಬತ್ತಕ್ಕೆ ಮಲಗಬೇಕಾದ ಎರಡನೇ ಕ್ಲಾಸಿನ ಮಗುವಿಗೆ ಅದು ಹೆಚ್ಚೇ ಆಗಬಹುದು.

ವೈವಾನ್ಸ್ ಬಗ್ಗೆ ಎಲ್ಲರೂ ಹೊಗಳ್ತಾರೆ. ಏನು ವಿಶೇಷ?

ವೈವಾನ್ಸ್ ಅಂದರೆ ಲಿಸ್‌ಡೆಕ್ಸಾಂಫೆಟಮಿನ್. 2007ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಇದರಲ್ಲಿ ಆಂಫೆಟಮಿನ್‌ನ ಒಂದು ರೂಪವಾದ ಡೆಕ್ಸ್ಟ್ರೊ ಆಂಫೆಟಮಿನ್‌ಗೆ ಲೈಸಿನ್ ಎಂಬ ಅಮೈನೊ ಆಮ್ಲ ಅಂಟಿಸಿದ್ದಾರೆ. ಆ ಸ್ಥಿತಿಯಲ್ಲಿ ಅದು ಕೆಲಸ ಮಾಡುವುದಿಲ್ಲ. ರಕ್ತಕ್ಕೆ ಸೇರಿದ ಮೇಲೆ ಕೆಂಪು ರಕ್ತಕಣಗಳು ಲೈಸಿನ್ನನ್ನು ಬಿಡಿಸುತ್ತವೆ, ಆಗ ಔಷಧಿ ಸಿದ್ಧವಾಗುತ್ತದೆ. ಏರುವುದೂ ನಿಧಾನ, ಇಳಿಯುವುದೂ ನಿಧಾನ. ಸುಮಾರು 12ರಿಂದ 14 ಗಂಟೆ ಇರುತ್ತದೆ. ಪುಡಿ ಮಾಡಿ ಮೂಗಿಗೆ ಏರಿಸಿದರೂ ಬೇಗ ನಶೆ ಬರುವುದಿಲ್ಲ, ಹಾಗಾಗಿ ದುರುಪಯೋಗ ಕಷ್ಟ. ಕ್ಯಾಪ್ಸೂಲ್ ಬಿಚ್ಚಿ ನೀರಿನಲ್ಲಿ ಕಲಸಿ ಕುಡಿಯಬಹುದು ಎಂಬುದು ಮಾತ್ರೆ ನುಂಗಲಾಗದವರಿಗೆ ದೊಡ್ಡ ಸಮಾಧಾನ.

ಆಡೆರಾಲ್ ಬೇರೆ. ಅದು ಡೆಕ್ಸ್ಟ್ರೊ ಮತ್ತು ಲೀವೊ ಆಂಫೆಟಮಿನ್‌ಗಳ ಮಿಶ್ರಣ, ಮೂರಕ್ಕೆ ಒಂದರ ಲೆಕ್ಕದಲ್ಲಿ. ಸಾಮಾನ್ಯ ಮಾತ್ರೆ 4ರಿಂದ 6 ಗಂಟೆ, ನಿಧಾನವಾಗಿ ಬಿಡುವ ಎಕ್ಸ್‌ಆರ್ ಕ್ಯಾಪ್ಸೂಲ್ 10ರಿಂದ 12 ಗಂಟೆ.

ಅವಳಿಗೆ 70 ಮಿಲಿಗ್ರಾಂ, ನನಗೆ 20. ಅವಳ ಕಾಯಿಲೆ ಅಷ್ಟು ಜೋರಾ?

ಮಿಲಿಗ್ರಾಂ ನೋಡಿ ಹೋಲಿಸಬೇಡಿ. 30 ಮಿಲಿಗ್ರಾಂ ವೈವಾನ್ಸ್‌ನಲ್ಲಿ ಕೆಲಸ ಮಾಡುವ ಆಂಫೆಟಮಿನ್ ಇರುವುದು 8.9 ಮಿಲಿಗ್ರಾಂ, ಉಳಿದದ್ದು ಲೈಸಿನ್ ಮತ್ತು ಲವಣದ ತೂಕ. ಹಾಗೇ 18 ಮಿಲಿಗ್ರಾಂ ಕಾನ್ಸರ್ಟಾ ಎಂದರೆ ಸಾಮಾನ್ಯ ಮಿಥೈಲ್‌ಫೆನಿಡೇಟ್ 5 ಮಿಲಿಗ್ರಾಂ ದಿನಕ್ಕೆ ಮೂರು ಬಾರಿ ತೆಗೆದುಕೊಂಡ ಹಾಗೆ. ಡೋಸ್ ಜಾಸ್ತಿ ಎಂದರೆ ಕಾಯಿಲೆ ಜಾಸ್ತಿ ಎಂದೂ ಅಲ್ಲ. ತೂಕ, ವಯಸ್ಸು, ತೀವ್ರತೆ ಯಾವುದರಿಂದಲೂ ಸರಿಯಾದ ಡೋಸ್ ಮೊದಲೇ ಗೊತ್ತಾಗುವುದಿಲ್ಲ. ಸಣ್ಣದರಿಂದ ಶುರು ಮಾಡಿ, ವಾರ ವಾರ ನೋಡುತ್ತಾ ಏರಿಸುತ್ತಾರೆ.

ಅಡ್ಡ ಪರಿಣಾಮ ಯಾವುದರಲ್ಲಿ ಕಡಿಮೆ?

ಪಟ್ಟಿ ಎರಡಕ್ಕೂ ಒಂದೇ: ಹಸಿವು ಕಡಿಮೆ, ನಿದ್ದೆ ತಡ, ತಲೆನೋವು, ಹೊಟ್ಟೆನೋವು, ಬಾಯಿ ಒಣಗುವುದು, ನಾಡಿ ಮತ್ತು ಬಿ.ಪಿ. ಸ್ವಲ್ಪ ಏರುವುದು. ಮಕ್ಕಳಲ್ಲಿ ಮಿಥೈಲ್‌ಫೆನಿಡೇಟ್ ಸರಾಸರಿಯಲ್ಲಿ ಸ್ವಲ್ಪ ಹಗುರ.

ಅಪರೂಪದ್ದೊಂದನ್ನು ಹೇಳಲೇಬೇಕು. 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಮೆರಿಕದ ಅಧ್ಯಯನವೊಂದು ಹೊಸದಾಗಿ ಸ್ಟಿಮ್ಯುಲೆಂಟ್ ಶುರು ಮಾಡಿದ ಹದಿಹರೆಯದವರನ್ನೂ ಯುವಕರನ್ನೂ ಗಮನಿಸಿತು. ಇಲ್ಲದ ದನಿ ಕೇಳುವುದು, ವಿಪರೀತ ಅನುಮಾನ ಮುಂತಾದ ಸೈಕೋಸಿಸ್ ಲಕ್ಷಣ ಮಿಥೈಲ್‌ಫೆನಿಡೇಟ್ ತೆಗೆದುಕೊಂಡವರಲ್ಲಿ 0.10 ಶೇಕಡಾ, ಆಂಫೆಟಮಿನ್ ತೆಗೆದುಕೊಂಡವರಲ್ಲಿ 0.21 ಶೇಕಡಾ ಜನರಿಗೆ ಕಂಡಿತು. ತುಂಬಾ ಕಡಿಮೆ, ಆದರೆ ವ್ಯತ್ಯಾಸ ಇದೆ. ಮನೆತನದಲ್ಲಿ ಯಾರಿಗಾದರೂ ಸೈಕೋಸಿಸ್ ಅಥವಾ ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯುವ ಕಾಯಿಲೆ) ಇದ್ದರೆ ಮುಚ್ಚಿಡದೆ ಹೇಳಿ. ಮದುವೆ ಸಂಬಂಧ ಕೆಟ್ಟೀತು ಎಂದು ಎಷ್ಟೋ ಮನೆಗಳು ಇದನ್ನು ಹೇಳುವುದೇ ಇಲ್ಲ. ವೈದ್ಯರ ಕೋಣೆಯಲ್ಲಾದರೂ ಹೇಳಿ.

## ದಿನನಿತ್ಯದ ಬಳಕೆ

ಮಧ್ಯಾಹ್ನ ಡಬ್ಬಿ ಹಾಗೇ ವಾಪಸ್ ತರ್ತಾಳೆ. ತೂಕ ಇಳಿದಿದೆ. ಏನು ಮಾಡಲಿ?

ಬೆಳಿಗ್ಗೆ ತಿಂಡಿ ಮೊದಲು, ಮಾತ್ರೆ ಆಮೇಲೆ. ದೋಸೆಗೆ ತುಪ್ಪ, ಮೊಟ್ಟೆ, ಕಡಲೆಬೀಜದ ಚಟ್ನಿ, ಬಾಳೆಹಣ್ಣು, ರಾಗಿ ಹಾಲು ಹೀಗೆ ಗಟ್ಟಿಯಾದದ್ದು ಕೊಡಿ. ಮಧ್ಯಾಹ್ನದ ಡಬ್ಬಿ ಚಿಕ್ಕದಾಗಿರಲಿ. ಅದಕ್ಕಾಗಿ ಜಗಳ ಬೇಡ, ಆ ಹೊತ್ತಿನಲ್ಲಿ ಅವಳಿಗೆ ನಿಜವಾಗಿಯೂ ಹಸಿವಿರುವುದಿಲ್ಲ. ಸಂಜೆ ಮಾತ್ರೆ ಇಳಿದಾಗ ಹಸಿವು ಜೋರಾಗಿ ಬರುತ್ತದೆ. ಆಗ ಬಿಸ್ಕೆಟ್ ಕೊಟ್ಟು ಕಳೆಯದೆ ಊಟವನ್ನೇ ಕೊಡಿ. ಮಲಗುವ ಮುಂಚೆ ಇನ್ನೊಂದು ಸುತ್ತು.

ಎತ್ತರ, ತೂಕವನ್ನು ಕೆಲವು ತಿಂಗಳಿಗೊಮ್ಮೆ ಬರೆದಿಡಿ. ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳ ಎತ್ತರದಲ್ಲಿ ಸರಾಸರಿ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಕಂಡುಬಂದಿದೆ. ತೂಕ ಇಳಿಯುತ್ತಲೇ ಇದ್ದರೆ ಡೋಸ್ ತಗ್ಗಿಸುವುದು, ರಜಾದಿನ ಬಿಡುವುದು, ಔಷಧಿ ಬದಲಿಸುವುದು ಎಲ್ಲಕ್ಕೂ ದಾರಿ ಇದೆ.

ಸಂಜೆ ಐದಾದರೆ ಸಾಕು, ಮುಟ್ಟಿದರೆ ಸಿಡುಕು. ಮಾತ್ರೆಯಿಂದ ಸ್ವಭಾವವೇ ಕೆಟ್ಟುಹೋಯ್ತಾ?

ಮಾತ್ರೆ ಇಳಿಯುವ ಹೊತ್ತಿಗೆ ಹೀಗಾಗುವುದುಂಟು. ಹಸಿವೂ ಸೇರಿರುತ್ತದೆ. ಆ ಒಂದು ಗಂಟೆ ಹೋಮ್‌ವರ್ಕ್ ಮಾತೆತ್ತಬೇಡಿ. ತಿನ್ನಲು ಕೊಟ್ಟು, ಆಡಲು ಬಿಡಿ. ಆದರೂ ದಿನಾ ಹೀಗೇ ಆದರೆ ವೈದ್ಯರು ನಿಧಾನವಾಗಿ ಇಳಿಯುವ ರೂಪಕ್ಕೆ ಬದಲಿಸಬಹುದು, ಇಲ್ಲವೇ ಸಂಜೆಗೆ ಒಂದು ಸಣ್ಣ ಡೋಸ್ ಸೇರಿಸಬಹುದು.

ಸಿಡುಕು ಬರುವ ಹೊತ್ತನ್ನು ಬರೆದುಕೊಂಡು ಹೋಗಿ. ಸಂಜೆ ಇಳಿಯುವಾಗ ಬಂದರೆ ಒಂದು ಅರ್ಥ. ಮಾತ್ರೆ ಜೋರಾಗಿರುವ ಹನ್ನೊಂದು ಗಂಟೆಗೇ ಮಗು ಮಂಕಾಗಿ, ನಗು ಮರೆತು, ಗೊಂಬೆಯ ಹಾಗೆ ಕೂತರೆ ಬೇರೆ ಅರ್ಥ: ಡೋಸ್ ಹೆಚ್ಚಾಗಿದೆ ಅಥವಾ ಈ ಔಷಧಿ ಹಿಡಿಸಿಲ್ಲ. "ಪರವಾಗಿಲ್ಲ, ಕ್ಲಾಸಲ್ಲಿ ಗಲಾಟೆ ಇಲ್ವಲ್ಲ" ಎಂದು ಅದನ್ನು ಒಪ್ಪಿಕೊಳ್ಳಬೇಡಿ. ಸರಿಯಾದ ಡೋಸ್‌ನಲ್ಲಿ ಮಗು ಮಗುವಾಗಿಯೇ ಇರುತ್ತದೆ.

ಮಲದಲ್ಲಿ ಇಡೀ ಮಾತ್ರೆ ಬಂತು! ಕರಗಲೇ ಇಲ್ವಾ?

ಕಾನ್ಸರ್ಟಾ ಆಗಿದ್ದರೆ ಹೆದರಬೇಡಿ. ಔಷಧಿ ಹೊರಗೆ ಬಂದಿರುತ್ತದೆ, ಖಾಲಿ ಚಿಪ್ಪು ಮಾತ್ರ ಹಾಗೇ ಹೋಗುತ್ತದೆ. ಅದನ್ನು ಅಗಿಯಬಾರದು, ಮುರಿಯಬಾರದು, ಪುಡಿ ಮಾಡಬಾರದು.

ಕಾಫಿ ಕುಡಿಯಬಹುದಾ? ಕಿತ್ತಳೆ ಜ್ಯೂಸ್ ಬೇಡ ಅಂತಾರಲ್ಲ?

ಎರಡು ಹೊತ್ತು ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿಯುವ ದೊಡ್ಡವರು ಶುರುವಿನಲ್ಲಿ ಒಂದಕ್ಕೆ ಇಳಿಸಿ ನೋಡಿ. ಎದೆ ಡವಗುಟ್ಟುವುದು, ಕೈ ನಡುಗುವುದು ಮಾತ್ರೆಯಿಂದಲೋ ಕಾಫಿಯಿಂದಲೋ ಎಂದು ಆಗ ಗೊತ್ತಾಗುತ್ತದೆ. ಜ್ಯೂಸ್ ಮಾತು ಆಡೆರಾಲ್‌ಗೆ ಅನ್ವಯಿಸುತ್ತದೆ. ಹುಳಿ ಹಣ್ಣಿನ ರಸ, ವಿಟಮಿನ್ ಸಿ ಜೊತೆಗಿದ್ದರೆ ಅದು ಮೈಗೆ ಸೇರುವುದು ಕಡಿಮೆಯಾಗುತ್ತದೆ. ಮಿಥೈಲ್‌ಫೆನಿಡೇಟ್‌ಗೆ ಈ ಚಿಂತೆ ಇಲ್ಲ.

ಐದು ಅಂಗಡಿ ಸುತ್ತಿದೆ, ಎಲ್ಲೂ ಇಲ್ಲ ಅಂದ್ರು. ಚೀಟಿ ನೋಡಿ ಅನುಮಾನದಿಂದ ನೋಡ್ತಾರೆ.

ಮಿಥೈಲ್‌ಫೆನಿಡೇಟ್ ನಮ್ಮ ಔಷಧಿ ನಿಯಮಗಳ ಶೆಡ್ಯೂಲ್ ಎಕ್ಸ್‌ ಎಂಬ ಬಿಗಿ ನಿಯಂತ್ರಣದ ಪಟ್ಟಿಯಲ್ಲಿದೆ. ಇದನ್ನು ಮಾರಲು ಅಂಗಡಿಗೆ ಬೇರೆಯದೇ ಲೈಸೆನ್ಸ್ ಬೇಕು, ಹಾಗಾಗಿ ಎಲ್ಲ ಮೆಡಿಕಲ್‌ಗಳಲ್ಲಿ ಇಡುವುದಿಲ್ಲ. ಚೀಟಿ ಎರಡು ಪ್ರತಿ ಇರಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ವೀಡಿಯೊ ಕಾಲ್‌ನಲ್ಲಿ ನೋಡಿ ಇದನ್ನು ಬರೆಯುವಂತಿಲ್ಲ.

ತಾಲ್ಲೂಕಿನಿಂದ ಬರುವವರಿಗೆ ಇದು ನಿಜವಾದ ಕಷ್ಟ. ಬಸ್ ಹತ್ತಿ ದೂರದ ಊರಿಗೆ ಬಂದು, ವೈದ್ಯರನ್ನು ಕಂಡು, ಆಮೇಲೆ ಅಂಗಡಿ ಹುಡುಕಬೇಕು. ಮಕ್ಕಳ ಔಷಧಿಗೆ ಇಷ್ಟು ಅಲೆದಾಟ ಇರಬಾರದು. ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು: ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ವೈದ್ಯರ ಹತ್ತಿರವೇ ಕೇಳಿ. ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೋಗುವವರು ಅಲ್ಲಿನ ಔಷಧಾಲಯದಲ್ಲೇ ವಿಚಾರಿಸಿ. ಅಂಗಡಿಗೆ ಹೊರಡುವ ಮೊದಲು ಫೋನ್ ಮಾಡಿ. ಕೊನೆಯ ಹತ್ತು ಮಾತ್ರೆ ಉಳಿದಾಗಲೇ ಮುಂದಿನದಕ್ಕೆ ಹೊರಡಿ. ಅಂಗಡಿಯವರ ನೋಟಕ್ಕೆ ತಲೆತಗ್ಗಿಸಬೇಡಿ.

## ಇನ್ನೂ ಆಳದ ಪ್ರಶ್ನೆಗಳು

ಚಟ ಹತ್ತುತ್ತೆ ಅಂತಾರೆ. ನಮ್ಮ ಅತ್ತೆಯವರಂತೂ ಕೊಡಲೇಬೇಡಿ ಅಂತಾರೆ.

ಅವರ ಹೆದರಿಕೆಗೆ ಅರ್ಥವಿದೆ. ಈ ಔಷಧಿಗಳನ್ನು ಜಾಸ್ತಿ ನುಂಗಿ, ಪುಡಿ ಮಾಡಿ ಏರಿಸಿ ಚಟ ಹಚ್ಚಿಕೊಂಡವರು ಇದ್ದಾರೆ. ಆದರೆ ವೈದ್ಯರು ಹೇಳಿದ ಡೋಸ್ ಬಾಯಿಂದ ತೆಗೆದುಕೊಂಡಾಗ ಮೆದುಳಿಗೆ ನಿಧಾನವಾಗಿ ಹೋಗುತ್ತದೆ, ನಶೆ ಬರುವುದಿಲ್ಲ. ಎಡಿಎಚ್‌ಡಿ ಇರುವ ಮಕ್ಕಳಿಗೆ ಚಿಕಿತ್ಸೆ ಕೊಟ್ಟದ್ದರಿಂದ ಮುಂದೆ ಮಾದಕ ವಸ್ತುಗಳ ಚಟ ಹೆಚ್ಚಿತು ಎಂದು ದೀರ್ಘಕಾಲದ ಅಧ್ಯಯನಗಳು ತೋರಿಸಿಲ್ಲ. ಮಾತ್ರೆ ಬೀರುವಿನಲ್ಲಿ ಬೀಗ ಹಾಕಿ ಇಡಿ, ದೊಡ್ಡವರೇ ಎಣಿಸಿ ಕೊಡಿ. ಕಾಲೇಜಿಗೆ ಹೋಗುವವರಿಗೆ ಇದನ್ನು ಗೆಳೆಯರಿಗೆ ಹಂಚುವುದು ಅಪರಾಧ ಎಂದು ಸ್ಪಷ್ಟವಾಗಿ ಹೇಳಿ. ಪರೀಕ್ಷೆಗೆ ಮುಂಚೆ ಒಂದು ಕೊಡು ಎಂದು ಕೇಳುವವರು ಇದ್ದೇ ಇರುತ್ತಾರೆ.

ಹೃದಯಕ್ಕೆ ತೊಂದರೆ ಇಲ್ವಾ? ಇಸಿಜಿ ಮಾಡಿಸಬೇಕಾ?

2011ರಲ್ಲಿ ಅಮೆರಿಕದ ಸುಮಾರು 12 ಲಕ್ಷ ಮಕ್ಕಳು ಮತ್ತು ಯುವಜನರ ದಾಖಲೆ ನೋಡಿದ ಅಧ್ಯಯನದಲ್ಲಿ, ಎಡಿಎಚ್‌ಡಿ ಔಷಧಿಯಿಂದ ಹೃದಯಾಘಾತ, ಪಾರ್ಶ್ವವಾಯು, ಹಠಾತ್ ಸಾವು ಹೆಚ್ಚಿದ್ದು ಕಾಣಲಿಲ್ಲ. ಆರೋಗ್ಯವಾಗಿರುವ ಮಗುವಿಗೆ ನಾಡಿ, ಬಿ.ಪಿ. ನೋಡಿದರೆ ಸಾಮಾನ್ಯವಾಗಿ ಸಾಕು. ಹುಟ್ಟಿನಿಂದ ಹೃದಯದ ತೊಂದರೆ, ಆಡುವಾಗ ಪ್ರಜ್ಞೆ ತಪ್ಪಿದ್ದು, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ತಾಗಿ ತೀರಿಕೊಂಡವರು ಇದ್ದರೆ ಮಾತ್ರೆಗೆ ಮುಂಚೆ ಹೃದಯ ತಜ್ಞರನ್ನು ಕಾಣಬೇಕು. ಬಿ.ಪಿ. ಇರುವ ದೊಡ್ಡವರು ಮೊದಲು ಅದನ್ನು ಹತೋಟಿಗೆ ತಂದುಕೊಳ್ಳಬೇಕು.

ಮಿಥೈಲ್‌ಫೆನಿಡೇಟ್ ಹಿಡಿಸಲಿಲ್ಲ. ಇಲ್ಲಿ ಆಂಫೆಟಮಿನ್ ಇಲ್ಲ. ಮುಂದೇನು?

ಹಿಡಿಸಲಿಲ್ಲ ಎನ್ನುವ ಮುಂಚೆ ಎರಡು ವಿಷಯ ನೋಡಿ. ಡೋಸ್ ಸಾಕಷ್ಟು ಏರಿಸಿದ್ದರಾ? ಬೇರೆ ರೂಪದ ಮಾತ್ರೆ ನೋಡಿದ್ದಾರಾ? ಸಣ್ಣ ಡೋಸ್‌ನಲ್ಲೇ ಎರಡು ವಾರ ಕಳೆದು ಬಿಟ್ಟವರು ಬಹಳ.

ಅದೆಲ್ಲ ಆಗಿದ್ದರೆ ಮುಂದಿನದು ಆಟೊಮಾಕ್ಸೆಟಿನ್. ಇದು ಸ್ಟಿಮ್ಯುಲೆಂಟ್ ಅಲ್ಲ. ಒಂದೇ ದಿನದಲ್ಲಿ ಗೊತ್ತಾಗುವುದಿಲ್ಲ, 4ರಿಂದ 6 ವಾರ ಬೇಕು. ಪರಿಣಾಮ ಸರಾಸರಿಯಲ್ಲಿ ಸ್ವಲ್ಪ ಕಡಿಮೆ, ಆದರೆ ದಿನವಿಡೀ ಇರುತ್ತದೆ. ಆತಂಕ ಜಾಸ್ತಿ ಇರುವವರಿಗೆ, ಚಟದ ಇತಿಹಾಸ ಇರುವವರಿಗೆ ಇದು ಒಳ್ಳೆಯ ಆಯ್ಕೆ. ಶುರುವಿನ ವಾರಗಳಲ್ಲಿ ಮಕ್ಕಳಲ್ಲಿ ಸಾಯುವ ಮಾತು, ವಿಪರೀತ ಖಿನ್ನತೆ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಿ. ಕ್ಲೋನಿಡಿನ್ ಕೂಡ ಇದೆ. ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು ಮುಂತಾದ ಟಿಕ್ಸ್ ಜೊತೆಗಿದ್ದಾಗ ಅದು ನೆರವಾಗುತ್ತದೆ.

ಅದೇ ಔಷಧಿ, ಬೇರೆ ಕಂಪನಿ ಕೊಟ್ಟರು. ಮೊದಲಿನ ಹಾಗೆ ಕೆಲಸ ಮಾಡ್ತಿಲ್ಲ ಅನ್ಸುತ್ತೆ. ನನ್ನ ಭ್ರಮೆನಾ?

ಭ್ರಮೆ ಎಂದು ತಳ್ಳಿಹಾಕಬೇಡಿ. ಒಳಗಿನ ಔಷಧಿ ಅದೇ ಇದ್ದರೂ ನಿಧಾನವಾಗಿ ಬಿಡುವ ವಿಧಾನ ಬೇರೆ ಇರಬಹುದು. 2014ರಲ್ಲಿ ಎಫ್‌ಡಿಎ ಕಾನ್ಸರ್ಟಾದ ಎರಡು ಜೆನೆರಿಕ್‌ಗಳು (ಬೇರೆ ಕಂಪನಿಗಳು ಮಾಡುವ ಅದೇ ಔಷಧಿ) ಅದಕ್ಕೆ ಸಮ ಎಂಬ ಮಾನ್ಯತೆಯನ್ನು ಹಿಂತೆಗೆದುಕೊಂಡಿತ್ತು. ದಿನದ ಕೊನೆಯ ಭಾಗದಲ್ಲಿ ಅವು ಸಾಕಷ್ಟು ಔಷಧಿ ಕೊಡದೆ ಇರಬಹುದು ಎಂಬ ಕಾರಣಕ್ಕೆ. ಮಾತ್ರೆಯ ಹಾಳೆಯ ಫೋಟೊ ತೆಗೆದಿಡಿ, ಬದಲಾದ ದಿನ ಬರೆದಿಡಿ, ಹಿಡಿಸಿದ ಬ್ರ್ಯಾಂಡಿನ ಹೆಸರನ್ನೇ ಚೀಟಿಯಲ್ಲಿ ಬರೆಯಲು ಹೇಳಿ.

ಅಮೆರಿಕದಿಂದ ಮೂರು ತಿಂಗಳಿಗೆ ಊರಿಗೆ ಬರ್ತಿದ್ದೀನಿ. ಆಡೆರಾಲ್ ತರಬಹುದಾ?

ಆಂಫೆಟಮಿನ್ ಮಾದಕ ವಸ್ತುಗಳನ್ನು ನಿಯಂತ್ರಿಸುವ ಭಾರತದ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ವಸ್ತು. ಎಷ್ಟು ತರಬಹುದು, ಏನು ಕಾಗದ ಬೇಕು ಎಂದು ಹೊರಡುವ ಮುಂಚೆ ಭಾರತದ ರಾಯಭಾರ ಕಚೇರಿಯಲ್ಲಿ ಬರಹದಲ್ಲಿ ಕೇಳಿ. ತರುವುದಾದರೆ ಅಂಗಡಿಯ ಲೇಬಲ್ ಇರುವ ಬಾಟಲಿಯಲ್ಲೇ ಇರಲಿ, ಚೀಟಿ ಮತ್ತು ವೈದ್ಯರ ಪತ್ರ ಜೊತೆಗಿರಲಿ. ಇಲ್ಲಿ ಮುಗಿದರೆ ಮತ್ತೆ ಸಿಗುವುದಿಲ್ಲ. ಹೆಚ್ಚು ದಿನ ಇರುವವರು ಅಲ್ಲಿದ್ದಾಗಲೇ ಮಿಥೈಲ್‌ಫೆನಿಡೇಟ್‌ಗೆ ಬದಲಿಸಿ, ಹಿಡಿಸುತ್ತದೆಯಾ ಎಂದು ನೋಡಿಕೊಂಡು ಬರುವುದು ಒಳ್ಳೆಯದು. ದಾರಿಯಲ್ಲಿ ಜಪಾನಿನಲ್ಲಿ ಇಳಿಯುವವರು ಇನ್ನೂ ಎಚ್ಚರದಿಂದಿರಿ. ಅಲ್ಲಿ ಆಡೆರಾಲ್ ವೈದ್ಯರ ಪತ್ರ ಇದ್ದರೂ ನಿಷಿದ್ಧ.